ಪಾಠದ ವಿಡಿಯೊ ಬೇಗ ಕೈಸೇರಬೇಕಾದರೆ ಕಂಪ್ಯೂಟರಿನಲ್ಲಿ ಏನನ್ನು ಬದಲಿಸಬೇಕು?

ಸೂಕ್ಷ್ಮ ಬೋಧನೆಯ ಚಕ್ರ ನಮಗೆಲ್ಲ ಬಾಯಿಪಾಠ. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಪುನರ್ಯೋಜನೆ 12, ಪುನರ್ಬೋಧನೆ 6, ಮತ್ತೆ ಹಿಮ್ಮಾಹಿತಿ 6; ಒಟ್ಟು 36 ನಿಮಿಷ. ಹಿಮ್ಮಾಹಿತಿ ಬೋಧನೆಯ ಬೆನ್ನಿಗೇ ಬರಬೇಕು ಎಂಬುದೇ ಈ ಲೆಕ್ಕದ ತಿರುಳು. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಈ ಪದ್ಧತಿಯನ್ನು ರೂಪಿಸುತ್ತಿದ್ದಾಗ ಅವರ ಬಳಿ ವಿಡಿಯೊ ಟೇಪ್ ರೆಕಾರ್ಡರ್ ಇತ್ತು. ಪಾಠ ಮುಗಿದೊಡನೆ ಟೇಪನ್ನು ಹಿಂದಕ್ಕೆ ಸುತ್ತಿ ಅಲ್ಲೇ ತೋರಿಸಬಹುದಿತ್ತು. ಇಂದು ನಮ್ಮ ಜೇಬಿನ ಫೋನು ಆ ರೆಕಾರ್ಡರಿಗಿಂತ ಎಷ್ಟೋ ಸ್ಪಷ್ಟವಾಗಿ ಚಿತ್ರೀಕರಿಸುತ್ತದೆ. ಆದರೂ ಸೋಮವಾರ ರೆಕಾರ್ಡ್ ಆದ ಪಾಠದ ಎಡಿಟ್ ಆದ ತುಣುಕು ಪ್ರಶಿಕ್ಷಣಾರ್ಥಿಯ ಕೈಗೆ ಬರುವುದು ಮುಂದಿನ ವಾರ. ಅಷ್ಟರಲ್ಲಿ ಆತ ಇನ್ನೂ ಮೂರು ಪಾಠ ಮಾಡಿ ಮುಗಿಸಿರುತ್ತಾನೆ. ಅದೇ ತಪ್ಪು ಮೂರು ಸಲ ಗಟ್ಟಿಯಾಗಿರುತ್ತದೆ.

ಕಾರಣ ಕೇಳಿದರೆ ಎಲ್ಲರ ಉತ್ತರವೂ ಒಂದೇ: ಲ್ಯಾಬಿನ ಕಂಪ್ಯೂಟರ್ ನಿಧಾನ. ಪರಿಹಾರವೂ ಸಾಮಾನ್ಯವಾಗಿ ಒಂದೇ: ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು, ಇಲ್ಲವೇ ಹೊಸ ಯಂತ್ರ ಕೊಳ್ಳಬೇಕು. ಅಂಗಡಿಯವರ ಕೊಟೇಶನ್ ಕೂಡ ಗ್ರಾಫಿಕ್ಸ್ ಕಾರ್ಡಿನಿಂದಲೇ ಶುರುವಾಗುತ್ತದೆ. ಕಾಲೇಜಿನ ಬಳಿ ಇರುವ ಹಣ ಒಂದು ಯಂತ್ರಕ್ಕೆ ಒಂದು ಭಾಗ ಕೊಳ್ಳುವಷ್ಟಿದ್ದರೆ, ಆ ಒಂದು ಭಾಗ ಯಾವುದಾಗಬೇಕು? ಭೌತಶಾಸ್ತ್ರ ಓದಿ ಬಂದ ನನಗೆ ಇದು ಅಳತೆಯ ಪ್ರಶ್ನೆಯಾಗಿ ಕಾಣುತ್ತದೆ. ಯಂತ್ರ ಎಲ್ಲಿ ಕಾಯುತ್ತಿದೆ ಎಂದು ಮೊದಲು ನೋಡಬೇಕು, ಆಮೇಲೆ ಖರ್ಚು ಮಾಡಬೇಕು. ಕೆರೆ ಎಷ್ಟು ದೊಡ್ಡದಿದ್ದರೂ ಗದ್ದೆಗೆ ಹರಿಯುವ ನೀರು ತೂಬಿನಷ್ಟೇ. ತೂಬು ಯಾವುದು ಎಂದು ತಿಳಿಯದೆ ಕೆರೆಯ ಹೂಳೆತ್ತಿದರೆ ಗದ್ದೆಗೇನೂ ಲಾಭವಿಲ್ಲ.

ಎರಡು ಬಗೆಯ ಕಾಯುವಿಕೆ

ಪಾಠದ ವಿಡಿಯೊದಲ್ಲಿ ನಾವು ಮಾಡುವ ಎಡಿಟಿಂಗ್ ಸಿನಿಮಾದವರದಲ್ಲ. 40 ನಿಮಿಷದ ರೆಕಾರ್ಡಿಂಗಿನಲ್ಲಿ ಪೀಠಿಕೆ, ಒಂದೆರಡು ಪ್ರಶ್ನೋತ್ತರ, ಕಪ್ಪುಹಲಗೆಯ ಬಳಕೆ, ಮುಕ್ತಾಯ ಎಲ್ಲಿವೆ ಎಂದು ಹುಡುಕಬೇಕು. ಅವನ್ನು ಕತ್ತರಿಸಿ ಜೋಡಿಸಬೇಕು. ಮೇಲ್ವಿಚಾರಕರ ಟಿಪ್ಪಣಿಯನ್ನು ಒಂದು ಸಾಲಿನಲ್ಲಿ ತೆರೆಯ ಕೆಳಗೆ ಹಾಕಬೇಕು. ಫೋನು ತರಗತಿಯ ಹಿಂದಿದ್ದರೆ ಮೇಜಿನ ಮೇಲಿಟ್ಟ ಇನ್ನೊಂದು ಫೋನಿನ ಧ್ವನಿಯನ್ನು ಕೂಡಿಸಬೇಕು. ಕೊನೆಗೆ ಎಕ್ಸ್‌ಪೋರ್ಟ್.

ಇದರಲ್ಲಿ ಎರಡು ಬಗೆಯ ಕಾಯುವಿಕೆಗಳಿವೆ. ಒಂದು, ನಾವು ಮೌಸ್ ಹಿಡಿದು ಕುಳಿತಿರುವಾಗಿನ ಕಾಯುವಿಕೆ. ಟೈಮ್‌ಲೈನಿನ ಮೇಲೆ ಮುಂದಕ್ಕೆ ಹೋದರೆ ಚಿತ್ರ ತಡವಾಗಿ ಬರುತ್ತದೆ, ಪ್ಲೇ ಒತ್ತಿದರೆ ತಡವರಿಸುತ್ತದೆ, ಕತ್ತರಿಸಿದ ಜಾಗ ಸರಿಯೇ ಎಂದು ನೋಡಲು ಮತ್ತೆ ಹಿಂದಕ್ಕೆ ಹೋಗಬೇಕು. ಇನ್ನೊಂದು, ಯಂತ್ರ ತಾನೇ ಕೆಲಸ ಮಾಡುವಾಗಿನ ಕಾಯುವಿಕೆ: ಎಕ್ಸ್‌ಪೋರ್ಟ್ ಕೊಟ್ಟು ಊಟಕ್ಕೆ ಹೋಗಬಹುದು. ಮೊದಲನೆಯದು ಮನುಷ್ಯನ ಸಮಯವನ್ನು ತಿನ್ನುತ್ತದೆ, ಎರಡನೆಯದು ಯಂತ್ರದ ಸಮಯವನ್ನು. ಗ್ರಾಫಿಕ್ಸ್ ಕಾರ್ಡಿನ ಜಾಹೀರಾತು ಹೆಚ್ಚಾಗಿ ಎರಡನೆಯದನ್ನು ಕುರಿತದ್ದು. ನಮ್ಮ ಪಾಠದ ತುಣುಕು ಒಂದು ವಾರ ತಡವಾಗುವುದು ಮೊದಲನೆಯದರಿಂದ. ಎರಡು ಗಂಟೆ ಕುಳಿತರೂ ಅರ್ಧ ಪಾಠ ಮುಗಿಯದಿದ್ದರೆ ಯಾರಿಗಾದರೂ ಬೇಸರ ಬಂದು ನಾಳೆಗೆ ಮುಂದೂಡುತ್ತಾರೆ.

ತಡವರಿಸುವ ಚಿತ್ರಕ್ಕೆ ಇನ್ನೊಂದು ತೊಂದರೆಯೂ ಇದೆ, ಅದು ನೇರವಾಗಿ ನಮ್ಮ ವಿಷಯಕ್ಕೆ ಸೇರಿದ್ದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು 1970ರ ದಶಕದಲ್ಲಿ ಮೇರಿ ಬಡ್ ರೋ ಅಧ್ಯಯನ ಮಾಡಿದರು. ಬಹುತೇಕ ಶಿಕ್ಷಕರು ಸುಮಾರು 1 ಸೆಕೆಂಡಷ್ಟೇ ಕಾಯುತ್ತಾರೆ. 3 ಸೆಕೆಂಡ್ ಅಥವಾ ಹೆಚ್ಚು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ ಎಂದು ಅವರು ತೋರಿಸಿದರು. ಪ್ರಶ್ನಿಸುವ ಕೌಶಲದ ಪಾಠ ನೋಡುವಾಗ ನಾವು ಹುಡುಕುವುದು ಈ 1 ಸೆಕೆಂಡನ್ನೇ. ವಿಡಿಯೊ ಪ್ರತಿ ಸಲವೂ ಅರ್ಧ ಸೆಕೆಂಡ್ ನಿಂತು ಮುಂದೆ ಹೋದರೆ, ನಿಂತದ್ದು ಶಿಕ್ಷಕರೋ ಕಂಪ್ಯೂಟರೋ ತಿಳಿಯುವುದಿಲ್ಲ. ಫ್ಲಾಂಡರ್ಸ್ ಅಂತಃಕ್ರಿಯಾ ವಿಶ್ಲೇಷಣೆಯಲ್ಲೂ ಇದೇ ಕಷ್ಟ. ಪ್ರತಿ 3 ಸೆಕೆಂಡಿಗೊಂದು ಗುರುತು ಹಾಕಬೇಕು. 40 ನಿಮಿಷದ ಪಾಠಕ್ಕೆ 800 ಗುರುತು. ಚಿತ್ರ ಹಿಂದಾಗಿ ಧ್ವನಿ ಮುಂದೆ ಹೋಗುವ ಯಂತ್ರದಲ್ಲಿ ಆ 800ರಲ್ಲಿ ಎಷ್ಟು ಸರಿ ಎಂದು ನಂಬುವುದು?

ಫೈಲು ಚಿಕ್ಕದು, ಕೆಲಸ ದೊಡ್ಡದು

ಯಂತ್ರ ಏಕೆ ತಡವರಿಸುತ್ತದೆ ಎಂದು ತಿಳಿಯಲು ಸ್ವಲ್ಪ ಗುಣಾಕಾರ ಸಾಕು. 1080ಪಿ ಚಿತ್ರದ ಒಂದು ಫ್ರೇಮಿನಲ್ಲಿ 1920 × 1080, ಅಂದರೆ 20,73,600 ಬಿಂದುಗಳು. ಪ್ರತಿ ಬಿಂದುವಿನ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಎಂದರೆ ಒಂದು ಫ್ರೇಮ್ ಸುಮಾರು 6.2 ಎಂಬಿ. ಸೆಕೆಂಡಿಗೆ 30 ಫ್ರೇಮ್ ಆದರೆ ಸುಮಾರು 187 ಎಂಬಿ. ಹೀಗೇ ಉಳಿಸಿದರೆ ಒಂದು ನಿಮಿಷಕ್ಕೆ 11 ಜಿಬಿ ದಾಟುತ್ತದೆ. ಆದರೆ ಸೆಕೆಂಡಿಗೆ 20 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡುವ ಫೋನಿನ ಫೈಲು ಸೆಕೆಂಡಿಗೆ 2.5 ಎಂಬಿ, ನಿಮಿಷಕ್ಕೆ 150 ಎಂಬಿ ಮಾತ್ರ. 75 ಪಟ್ಟು ಕುಗ್ಗಿದೆ.

ಈ ಕುಗ್ಗುವಿಕೆ ಹೇಗೆ ಆಗುತ್ತದೆ ಎನ್ನುವುದಕ್ಕೆ ತರಗತಿಯ ಕಪ್ಪುಹಲಗೆಯೇ ಒಳ್ಳೆಯ ಉದಾಹರಣೆ. ಒಬ್ಬ ವಿದ್ಯಾರ್ಥಿ ಮೊದಲು ಹಲಗೆಯನ್ನು ಪೂರ್ತಿ ನಕಲು ಮಾಡಿಕೊಳ್ಳುತ್ತಾನೆ. ಆಮೇಲೆ ಬದಲಾದದ್ದನ್ನು ಮಾತ್ರ ಬರೆಯುತ್ತಾನೆ: 'ಎಡಗಡೆ ಒಂದು ಬಾಣ ಬಂತು', 'ಎರಡನೇ ಸಾಲು ಅಳಿಸಿದರು'. ನೋಟುಪುಸ್ತಕ ತೆಳ್ಳಗಿರುತ್ತದೆ. ಆದರೆ 10 ಗಂಟೆ 17 ನಿಮಿಷಕ್ಕೆ ಹಲಗೆ ಹೇಗಿತ್ತು ಎಂದು ಕೇಳಿದರೆ, ಅವನು ಹಿಂದಿನ ಪೂರ್ತಿ ನಕಲಿಗೆ ಹೋಗಿ ಅಲ್ಲಿಂದ ಒಂದೊಂದೇ ಬದಲಾವಣೆ ಸೇರಿಸುತ್ತ ಬರಬೇಕು. ಫೋನಿನ ವಿಡಿಯೊದಲ್ಲೂ ಪೂರ್ತಿ ಚಿತ್ರವಿರುವ ಫ್ರೇಮ್ ಆಗೊಮ್ಮೆ ಈಗೊಮ್ಮೆ, ಸಾಮಾನ್ಯವಾಗಿ ಒಂದೆರಡು ಸೆಕೆಂಡಿಗೊಂದು ಬರುತ್ತದೆ. ಇದಕ್ಕೆ ಕೀಫ್ರೇಮ್ ಎನ್ನುತ್ತಾರೆ. ನಡುವಿನವೆಲ್ಲ ಬದಲಾವಣೆಯ ಟಿಪ್ಪಣಿಗಳು. ಸುಮ್ಮನೆ ನೋಡುವಾಗ ಇದು ತೊಂದರೆ ಕೊಡುವುದಿಲ್ಲ, ಕ್ರಮವಾಗಿ ಓದಿದರಾಯಿತು. ಎಡಿಟ್ ಮಾಡುವಾಗ ನಾವು ಹಿಂದೆ ಮುಂದೆ ಜಿಗಿಯುತ್ತೇವೆ. ಪ್ರತಿ ಜಿಗಿತಕ್ಕೂ ಯಂತ್ರ ಹಿಂದಿನ ಕೀಫ್ರೇಮಿಗೆ ಓಡಬೇಕು.

ಎಚ್.264 ಎಂಬ ಕುಗ್ಗಿಸುವ ವಿಧಾನ 2003ರದ್ದು. ಅದರ ನಂತರದ ಎಚ್.265, ಅಥವಾ ಎಚ್‌ಇವಿಸಿ, 2013ರದ್ದು. ಎರಡನೆಯದು ಅದೇ ಗುಣಮಟ್ಟಕ್ಕೆ ಇನ್ನೂ ಚಿಕ್ಕ ಫೈಲು ಕೊಡುತ್ತದೆ, ಆದರೆ ಬಿಡಿಸಲು ಲೆಕ್ಕಾಚಾರ ಹೆಚ್ಚು. ಫೋನಿನಲ್ಲಿ ಜಾಗ ಉಳಿಯಲೆಂದು ಹಲವು ಫೋನುಗಳು ಇದನ್ನೇ ಬಳಸುತ್ತವೆ. ಹೀಗಾಗಿ ಗೆಳೆಯನ ಹೊಸ ಫೋನಿನ ಚಿಕ್ಕ ಫೈಲು ಲ್ಯಾಬಿನಲ್ಲಿ ತೆವಳುತ್ತದೆ, ನನ್ನ ಹಳೆಯ ಫೋನಿನ ದೊಡ್ಡ ಫೈಲು ಸರಾಗವಾಗಿ ಓಡುತ್ತದೆ. ಫೈಲಿನ ಗಾತ್ರ ನೋಡಿ ಕೆಲಸದ ಭಾರ ಊಹಿಸಲಾಗದು.

ಅಳೆಯುವುದು ಹೇಗೆ

ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ಪುಟ ನೋಡಬೇಕು. ಲಿನಕ್ಸಿನಲ್ಲಿ ಸಿಸ್ಟಮ್ ಮಾನಿಟರ್. ಅದನ್ನು ತೆರೆಯ ಒಂದು ಮೂಲೆಯಲ್ಲಿಟ್ಟು, ನಿಜವಾದ ಪಾಠದ ವಿಡಿಯೊವನ್ನೇ ತೆಗೆದುಕೊಂಡು, ಎಂದಿನಂತೆ ಕಾಲು ಗಂಟೆ ಎಡಿಟ್ ಮಾಡಬೇಕು. ಮೆಮೊರಿ 90 ಶೇಕಡಾ ದಾಟಿ, ಅದೇ ಹೊತ್ತಿಗೆ ಡಿಸ್ಕ್ 100 ಶೇಕಡಾದಲ್ಲಿ ಅಂಟಿಕೊಂಡಿದ್ದು, ಪ್ರೊಸೆಸರ್ ಮಾತ್ರ 30-40ರಲ್ಲಿ ಆರಾಮಾಗಿದ್ದರೆ ತೂಬು ಸಿಕ್ಕಿತು: ರ‍್ಯಾಮ್ ಸಾಲದೆ ಯಂತ್ರ ಹಾರ್ಡ್ ಡಿಸ್ಕನ್ನೇ ಸ್ಮರಣೆಯಂತೆ ಬಳಸುತ್ತಿದೆ. ಮೆಮೊರಿ, ಡಿಸ್ಕ್ ಎರಡೂ ಖಾಲಿ ಇದ್ದು ಪ್ಲೇ ಒತ್ತಿದ ಕೂಡಲೇ ಪ್ರೊಸೆಸರ್ 100ಕ್ಕೆ ಏರಿದರೆ ಸಮಸ್ಯೆ ವಿಡಿಯೊ ಬಿಡಿಸುವುದರಲ್ಲಿದೆ. ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಪ್ರೊಸೆಸರ್ 100 ಇದ್ದರೆ ಗಾಬರಿ ಬೇಡ. ಆಗ ಅದು ಪೂರ್ತಿ ದುಡಿಯುವುದು ಸಹಜ.

ಸಮಯದ ಲೆಕ್ಕವನ್ನೂ ಕಾಗದದ ಮೇಲೆ ಹಾಕಬೇಕು. ಉದಾಹರಣೆಗೆ, ಒಂದು ಪಾಠಕ್ಕೆ ಒಟ್ಟು 150 ನಿಮಿಷ ಹಿಡಿಯುತ್ತದೆ ಎಂದುಕೊಳ್ಳೋಣ: ಫೈಲು ತೆರೆದು ಸಿದ್ಧವಾಗಲು 25, ಹುಡುಕಿ ಕತ್ತರಿಸಲು 100, ಎಕ್ಸ್‌ಪೋರ್ಟಿಗೆ 25. ಕತ್ತರಿಸುವ 100ರಲ್ಲಿ ಅರ್ಧ ಬರೀ ಕಾಯುವುದೇ ಇದೆ. ಎಕ್ಸ್‌ಪೋರ್ಟಿನ ವೇಗ ಎರಡು ಪಟ್ಟಾದರೆ ಉಳಿಯುವುದು 12 ನಿಮಿಷ; ಆ 12 ನಿಮಿಷವೂ ನಾವು ಚಹಾ ಕುಡಿಯುವ ಹೊತ್ತು. ಕಾಯುವ 50 ನಿಮಿಷ 10ಕ್ಕೆ ಇಳಿದರೆ ಉಳಿಯುವುದು 40, ಅಷ್ಟೂ ಕೆಲಸದ ಹೊತ್ತು. ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ ಒಟ್ಟು ಲಾಭ ಆ ಭಾಗ ತೆಗೆದುಕೊಳ್ಳುತ್ತಿದ್ದ ಸಮಯವನ್ನು ಮೀರಲಾರದು. 1967ರಲ್ಲಿ ಜೀನ್ ಆಮ್ಡಾಲ್ ಕಂಪ್ಯೂಟರುಗಳ ಬಗ್ಗೆ ಹೇಳಿದ್ದು ಇದನ್ನೇ; ಇಂದಿಗೂ ಅದಕ್ಕೆ ಆಮ್ಡಾಲ್ ನಿಯಮ ಎನ್ನುತ್ತಾರೆ. ನಿಮ್ಮ ಲ್ಯಾಬಿನ ಅಂಕಿಗಳು ಬೇರೆ ಇರಬಹುದು, ಅವನ್ನೇ ಹಾಕಿ ನೋಡಿ.

ಎಸ್‌ಎಸ್‌ಡಿ ಮತ್ತು ರ‍್ಯಾಮ್

ಕಾಲೇಜು ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಕಾಣುವ ಯಂತ್ರವೊಂದನ್ನು ತೆಗೆದುಕೊಳ್ಳುತ್ತೇನೆ: ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್.

ಹಾರ್ಡ್ ಡಿಸ್ಕ್ ಸತತವಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ಸುಲಭವಾಗಿ ಕೊಡುತ್ತದೆ. ನಮ್ಮ ವಿಡಿಯೊಗೆ ಬೇಕಾದದ್ದು 2.5 ಎಂಬಿ. ಹಾಗಾದರೆ ಡಿಸ್ಕ್ ತೂಬಾಗುವುದು ಹೇಗೆ? ಇಲ್ಲಿ ಯಂತ್ರಶಾಸ್ತ್ರ ಬರುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡ್ ಮೇಲೆ. ಸೂಜಿ ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ 8-9. ಒಂದು ಜಿಗಿತಕ್ಕೆ ಸುಮಾರು 13 ಮಿಲಿಸೆಕೆಂಡ್ ಆದರೆ ಸೆಕೆಂಡಿಗೆ 70-80 ಜಿಗಿತಗಳಷ್ಟೇ. ಎಡಿಟಿಂಗ್ ನಡೆಯುವಾಗ ವಿಡಿಯೊ, ಧ್ವನಿಯ ಅಲೆಚಿತ್ರ, ಚಿಕ್ಕ ಚಿತ್ರಗಳ ಕ್ಯಾಶ್, ವಿಂಡೋಸ್ ಅಪ್‌ಡೇಟ್, ಆ್ಯಂಟಿವೈರಸ್, ರ‍್ಯಾಮ್ ಸಾಲದೆ ಹೊರಗಿಟ್ಟ ಮಾಹಿತಿ ಎಲ್ಲವೂ ಈ ಒಂದೇ ತೋಳನ್ನು ಎಳೆದಾಡುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದು ಸೆಕೆಂಡಿಗೆ ಸಾವಿರಾರು ಇಂಥ ಚಿಲ್ಲರೆ ಕೋರಿಕೆಗಳನ್ನು ಪೂರೈಸುತ್ತದೆ. ಸತತ ಓದುವಿಕೆಯ ಸೆಕೆಂಡಿಗೆ 550 ಎಂಬಿ ಎಂಬ ಡಬ್ಬಿಯ ಮೇಲಿನ ಅಂಕಿಗಿಂತ ನಮಗೆ ಈ ಗುಣ ಮುಖ್ಯ.

ಆದ್ದರಿಂದ ಸೆಕೆಂಡಿಗೆ 3500 ಎಂಬಿ ಎಂದು ಬರೆದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹಳೆಯ ಯಂತ್ರದಲ್ಲಿ ಹಣ ಸುರಿಯಬೇಕಾಗಿಲ್ಲ. ಆ ತಲೆಮಾರಿನ ಬಹುತೇಕ ಬೋರ್ಡುಗಳಲ್ಲಿ ಅದನ್ನು ಕೂರಿಸುವ ಕಂಡಿಯೂ ಇರುವುದಿಲ್ಲ. ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ಲಿಗೇ ಸೇರುವ 2.5 ಇಂಚಿನ ಸಾದಾ ಎಸ್‌ಎಸ್‌ಡಿ ಸಾಕು. ವಿಂಡೋಸ್, ಎಡಿಟಿಂಗ್ ತಂತ್ರಾಂಶ, ಅದರ ಕ್ಯಾಶ್ ಫೋಲ್ಡರ್ ಮತ್ತು ಆ ವಾರದ ಪಾಠಗಳು ಎಸ್‌ಎಸ್‌ಡಿಯಲ್ಲಿ. ಮುಗಿದ ಪಾಠಗಳು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಒಂದು ಪಾಠ 6 ಜಿಬಿ ಎಂದರೆ 20 ಪ್ರಶಿಕ್ಷಣಾರ್ಥಿಗಳ ಒಂದೊಂದು ಪಾಠಕ್ಕೆ 120 ಜಿಬಿ. ಹಾಗಾಗಿ 240-256 ಜಿಬಿಯದು ಬೇಗ ತುಂಬುತ್ತದೆ. 500 ಜಿಬಿ ಆಸುಪಾಸಿನದು ಕೊಳ್ಳುವುದು ಲೇಸು. ಪೂರ್ತಿ ತುಂಬಿದ ಎಸ್‌ಎಸ್‌ಡಿ ನಿಧಾನವಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ರ‍್ಯಾಮಿನ ವಿಷಯದಲ್ಲಿ 4ರಿಂದ 8 ಜಿಬಿಗೆ ಹೋಗುವುದು ದೊಡ್ಡ ಹೆಜ್ಜೆ. 1080ಪಿ ಪಾಠ ಕತ್ತರಿಸಲು 8 ಸಾಕಾಗುತ್ತದೆ. 16 ಇದ್ದರೆ ಜೊತೆಗೆ ಬ್ರೌಸರ್ ತೆರೆದಿಟ್ಟರೂ ಉಸಿರುಗಟ್ಟುವುದಿಲ್ಲ. 16ರಿಂದ 32ಕ್ಕೆ ಹೋಗಿ ನಮ್ಮ ಕೆಲಸಕ್ಕೆ ಬರುವ ಲಾಭ ಕಾಣಲಿಕ್ಕಿಲ್ಲ. ಕೊಳ್ಳುವ ಮೊದಲು ನೋಡಬೇಕಾದ ಒಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ: ಯಂತ್ರದಲ್ಲಿರುವ ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ? 2ರ ಘಾತ 32 ಎಂದರೆ 4 ಜಿಬಿ. ನಾವು ಬಳಸುವ 32 ಬಿಟ್ಟಿನ ವಿಂಡೋಸ್ ಅದಕ್ಕಿಂತ ಹೆಚ್ಚಿನ ರ‍್ಯಾಮನ್ನು ಬಳಸುವುದೇ ಇಲ್ಲ; 8 ಹಾಕಿಸಿದರೂ ಸುಮಾರು 3 ಚಿಲ್ಲರೆ ಜಿಬಿಯೇ ಕೆಲಸಕ್ಕೆ ಬರುತ್ತದೆ. ಹಳೆಯ ಲ್ಯಾಬುಗಳಲ್ಲಿ ಇಂಥ ಯಂತ್ರಗಳು ಇನ್ನೂ ಇವೆ. ಅಲ್ಲಿ ಮೊದಲು 64 ಬಿಟ್ಟಿನ ವ್ಯವಸ್ಥೆ ಹಾಕಬೇಕು. ಎಸ್‌ಎಸ್‌ಡಿ ಬದಲಿಸುವ ದಿನವೇ ಆ ಕೆಲಸವೂ ಆಗಿಬಿಡುತ್ತದೆ.

ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಲ್ಯಾಪ್‌ಟಾಪಿನ ರ‍್ಯಾಮ್ ಪಟ್ಟಿ ಚಿಕ್ಕದು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಏನೂ ಮಾಡಲಾಗದು. ಒಂದೇ 8ರ ಪಟ್ಟಿಗಿಂತ 4ರ ಎರಡು ಒಂದೇ ಬಗೆಯ ಪಟ್ಟಿಗಳನ್ನು ಜೋಡಿ ಕಂಡಿಗಳಲ್ಲಿ ಹಾಕಿದರೆ ಮಾಹಿತಿ ಎರಡು ದಾರಿಯಲ್ಲಿ ಓಡಾಡುತ್ತದೆ. ಇರುವ 4ರ ಪಟ್ಟಿಗೆ ಇನ್ನೊಂದು 4ನ್ನು ಸೇರಿಸುವುದು ಹೀಗೆ ಎರಡು ರೀತಿಯಲ್ಲೂ ಉಳಿತಾಯ.

ಪ್ರೊಸೆಸರ್

ಇಂಟೆಲ್ ಪ್ರೊಸೆಸರುಗಳಲ್ಲಿ ಲೆಕ್ಕ ಮಾಡುವ ಭಾಗದ ಜೊತೆಗೆ ವಿಡಿಯೊ ಬಿಡಿಸುವುದಕ್ಕೇ ಮೀಸಲಾದ ಒಂದು ಚಿಕ್ಕ ಭಾಗವಿದೆ. ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ 2011ರ ಎರಡನೇ ತಲೆಮಾರಿನಲ್ಲಿ ಇದು ಬಂತು. ಎಚ್.264 ಅದಕ್ಕೆ ಆಗಲೇ ಗೊತ್ತಿತ್ತು. ಎಚ್‌ಇವಿಸಿಯನ್ನು ಪೂರ್ತಿಯಾಗಿ ನಿಭಾಯಿಸುವುದು 2015ರ ಆರನೇ ತಲೆಮಾರಿನಿಂದ. 10 ಬಿಟ್ಟಿನ ಎಚ್‌ಇವಿಸಿ ಏಳನೆಯದರಿಂದ. ತಲೆಮಾರು ತಿಳಿಯುವುದು ಸುಲಭ: ಐ5-4460 ಎಂದಿದ್ದರೆ ಮೊದಲ ಅಂಕೆ 4, ನಾಲ್ಕನೆಯದು, ಐ5-12400 ಎಂದಿದ್ದರೆ ಹನ್ನೆರಡನೆಯದು. ಕೊನೆಯಲ್ಲಿ 'ಎಫ್' ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇಲ್ಲ. ಹೊಸ ಯಂತ್ರ ಕೊಳ್ಳುವಾಗ ಸ್ವಲ್ಪ ಹಣ ಉಳಿಯುತ್ತದೆಂದು 'ಎಫ್' ಪ್ರೊಸೆಸರ್ ಕೊಡಿಸುವ ಅಂಗಡಿಗಳಿವೆ. ವಿಡಿಯೊ ಕೆಲಸಕ್ಕೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ, ಅದು ಬೇಡವೇ ಬೇಡ.

ನಮ್ಮ ನಾಲ್ಕನೇ ತಲೆಮಾರಿನ ಯಂತ್ರದಲ್ಲಿ ಪ್ರೊಸೆಸರ್ ಮಾತ್ರ ಬದಲಿಸಿ ಆರನೆಯದಕ್ಕೆ ಹೋಗಲಾಗದು. ಸಾಕೆಟ್ ಬೇರೆ, ಅದಕ್ಕೆ ಬೋರ್ಡ್ ಬದಲಿಸಬೇಕು, ಬೋರ್ಡ್ ಬದಲಾದರೆ ರ‍್ಯಾಮ್ ಬದಲಾಗಬೇಕು. ಕೊನೆಗೆ ಹೊಸ ಯಂತ್ರವೇ ಆಯಿತು. ಇದಕ್ಕೊಂದು ಖರ್ಚಿಲ್ಲದ ದಾರಿ ಇದೆ, ಅದು ಕಂಪ್ಯೂಟರಿನಲ್ಲಿಲ್ಲ, ಫೋನಿನಲ್ಲಿದೆ. ರೆಕಾರ್ಡಿಂಗಿಗೆ ಮೊದಲು ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಚ್.264 ಆರಿಸಬೇಕು. ಐಫೋನಿನಲ್ಲಿ ಅದು 'ಮೋಸ್ಟ್ ಕಂಪ್ಯಾಟಿಬಲ್' ಎಂಬ ಹೆಸರಿನಲ್ಲಿದೆ. ಎಚ್‌ಇವಿಸಿ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ಅದನ್ನು ಆಫ್ ಮಾಡುವ ಗುಂಡಿ ಇರುತ್ತದೆ. 4ಕೆ ಬೇಡ, 1080ಪಿ, 30 ಫ್ರೇಮ್ ಇರಲಿ. 4ಕೆ ಫ್ರೇಮಿನಲ್ಲಿ 1080ಪಿಯ ಸರಿಯಾಗಿ ನಾಲ್ಕು ಪಟ್ಟು ಬಿಂದುಗಳು. ಕೊನೆಯ ಬೆಂಚಿನಿಂದ ಕಪ್ಪುಹಲಗೆಯ ಅಕ್ಷರ ಓದಲು 1080ಪಿ ಸಾಲುತ್ತದೆ. ಇನ್ನೊಂದು ಸಂಗತಿ: ಬಹಳ ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಬೇರೆ ಫೋನಿನ ಧ್ವನಿ ಕೂಡಿಸಿದಾಗ ಪಾಠದ ಕೊನೆಯಲ್ಲಿ ತುಟಿ ಮತ್ತು ಮಾತು ಬೇರೆಯಾಗುವುದಕ್ಕೆ ಇದೂ ಒಂದು ಕಾರಣ. ಶಾಟ್‌ಕಟ್ ಇಂಥ ಫೈಲು ಕಂಡರೆ ತಾನೇ ಎಚ್ಚರಿಸಿ, ಎಡಿಟಿಂಗಿಗೆ ಒಗ್ಗುವ ಹಾಗೆ ಪರಿವರ್ತಿಸಲೇ ಎಂದು ಕೇಳುತ್ತದೆ. ಹೌದು ಎನ್ನಬೇಕು.

ಪ್ರಾಕ್ಸಿ ಎಂಬ ಉಪಾಯ

ಶಾಟ್‌ಕಟ್, ಕೆಡೆನ್‌ಲೈವ್ ಎರಡೂ ಉಚಿತ ತಂತ್ರಾಂಶಗಳು. ಎರಡರಲ್ಲೂ ಪ್ರಾಕ್ಸಿ ಸೌಲಭ್ಯವಿದೆ. ಅದನ್ನು ಆನ್ ಮಾಡಿದರೆ ತಂತ್ರಾಂಶ ಪ್ರತಿ ವಿಡಿಯೊಗೂ ಬಿಡಿಸಲು ಹಗುರವಾದ ಒಂದು ಚಿಕ್ಕ ನಕಲು ಮಾಡಿಕೊಳ್ಳುತ್ತದೆ. ನಾವು ಕತ್ತರಿಸುವುದು ಆ ನಕಲಿನ ಮೇಲೆ. ಎಕ್ಸ್‌ಪೋರ್ಟ್ ಆಗುವಾಗ ಮೂಲ ಫೈಲೇ ಬಳಕೆಯಾಗುತ್ತದೆ, ಗುಣಮಟ್ಟ ಕೆಡುವುದಿಲ್ಲ. ನಕಲು ತಯಾರಾಗಲು ಹೊತ್ತು ಬೇಕು ನಿಜ. ಆದರೆ ಅದು ಯಂತ್ರದ ಹೊತ್ತು. ಮೇಲೆ ಹೇಳಿದ ಮೊದಲ ಬಗೆಯ ಕಾಯುವಿಕೆಯನ್ನು ಎರಡನೆಯ ಬಗೆಗೆ ಬದಲಿಸುವ ಉಪಾಯ ಇದು. ಮಧ್ಯಾಹ್ನದ ಊಟಕ್ಕೆ ಮೊದಲು ಫೈಲು ಹಾಕಿ ಹೋದರೆ ಬರುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಹಳೆಯ ಯಂತ್ರದ ಮಟ್ಟಿಗೆ ನಾನು ಇದನ್ನು ಯಾವುದೇ ಬಿಡಿಭಾಗಕ್ಕಿಂತ ಮೇಲಿಡುತ್ತೇನೆ.

ಇನ್ನೂ ಸರಳವಾದದ್ದು ಬೇಕಿದ್ದರೆ, ಟಿಪ್ಪಣಿ, ಶೀರ್ಷಿಕೆ ಏನೂ ಬೇಡ, ಪಾಠದ 12ನೇ ನಿಮಿಷದಿಂದ 15ರವರೆಗೆ ಮಾತ್ರ ಬೇಕು ಎಂದಿದ್ದರೆ, ಎಡಿಟಿಂಗ್ ತಂತ್ರಾಂಶವೇ ಬೇಕಿಲ್ಲ. ಲಾಸ್‌ಲೆಸ್‌ಕಟ್‌ನಂಥ ಉಚಿತ ಸಾಧನಗಳು ಕೀಫ್ರೇಮಿನ ಹತ್ತಿರ ಕತ್ತರಿಸಿ ಆ ತುಣುಕನ್ನು ಹಾಗೆಯೇ ನಕಲು ಮಾಡುತ್ತವೆ. ಬಿಡಿಸಿ ಮತ್ತೆ ಕುಗ್ಗಿಸುವ ಕೆಲಸವಿಲ್ಲದ್ದರಿಂದ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಕತ್ತರಿಯ ಜಾಗ ಒಂದೆರಡು ಸೆಕೆಂಡ್ ಹಿಂದೆ ಮುಂದೆ ಆಗಬಹುದು. ಹಿಮ್ಮಾಹಿತಿಗೆ ಅದು ಅಡ್ಡಿಯಲ್ಲ. ಸೂಕ್ಷ್ಮ ಬೋಧನೆಯ 12 ನಿಮಿಷದ ಪುನರ್ಯೋಜನೆಯೊಳಗೇ ವಿಡಿಯೊ ತೋರಿಸಲು ಸಾಧ್ಯವಾಗುವುದು ಈ ದಾರಿಯಿಂದ ಮಾತ್ರ.

ಗ್ರಾಫಿಕ್ಸ್ ಕಾರ್ಡ್ ಯಾವಾಗ?

ಬಣ್ಣ ತಿದ್ದುವುದು, ಪದರದ ಮೇಲೆ ಪದರ ಹಾಕಿ ಪರಿಣಾಮ ಕೊಡುವುದು, 4ಕೆ ಕೆಲಸ, ಇವುಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ದುಡಿಯುತ್ತದೆ. ಡಾವಿಂಚಿ ರಿಸಾಲ್ವ್ ಬಳಸಬೇಕೆಂದಿದ್ದರೆ ಒಳ್ಳೆಯ ಕಾರ್ಡ್ ಬೇಕೇ ಬೇಕು, ಅದರ ಕಟ್ಟಡವೇ ಕಾರ್ಡಿನ ಮೇಲೆ ನಿಂತಿದೆ. ಪಾಠದ ತುಣುಕು ಕತ್ತರಿಸಿ ಒಂದು ಸಾಲು ಬರೆಯುವ ನಮ್ಮ ಕೆಲಸದಲ್ಲಿ ಅದು ಹೆಚ್ಚು ಹೊತ್ತು ಖಾಲಿ ಕೂರುತ್ತದೆ. ಕಾರ್ಡಿನಲ್ಲಿ ವಿಡಿಯೊ ಬಿಡಿಸುವ ಭಾಗವಿದ್ದರೂ ತಂತ್ರಾಂಶ ಅದನ್ನು ಕರೆದು ಕೆಲಸ ಕೊಟ್ಟರೆ ಮಾತ್ರ ಉಪಯೋಗ. ಅಗ್ಗದ ಕಾರ್ಡುಗಳಲ್ಲಿ ಇನ್ನೊಂದು ಕೊರತೆ: ಎನ್‌ವಿಡಿಯಾದ ಜಿಟಿ 1030 ಎಚ್‌ಇವಿಸಿಯನ್ನು ಬಿಡಿಸಬಲ್ಲದು, ಆದರೆ ವಿಡಿಯೊ ಕುಗ್ಗಿಸುವ ಭಾಗ ಅದರಲ್ಲಿ ಇಲ್ಲವೇ ಇಲ್ಲ. ಎಕ್ಸ್‌ಪೋರ್ಟ್ ಬೇಗ ಆಗಲೆಂದು ಅದನ್ನು ಕೊಂಡವರಿಗೆ ಏನೂ ಸಿಗದು.

ಕಚೇರಿ ಬಳಕೆಯ ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ಕಾರ್ಡ್ ಹಿಡಿಸುವುದೂ ಕಷ್ಟ. ಬೋರ್ಡಿನ ಕಂಡಿಯಿಂದ ಕಾರ್ಡಿಗೆ ಸಿಗುವ ವಿದ್ಯುತ್ತು 75 ವ್ಯಾಟ್. ಅದಕ್ಕೂ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ತಂತಿ ಬೇಕು. ಹಳೆಯ ಪವರ್ ಸಪ್ಲೈಯಲ್ಲಿ ಆ ತಂತಿ ಇರದೆ, ಅದನ್ನೂ ಬದಲಿಸಿ, ಖರ್ಚು ಎಸ್‌ಎಸ್‌ಡಿ ಮತ್ತು ರ‍್ಯಾಮ್ ಎರಡನ್ನೂ ಸೇರಿಸಿದ್ದಕ್ಕಿಂತ ಮೇಲಕ್ಕೆ ಹೋಗುತ್ತದೆ. ಕಾರ್ಡಿಗೆಂದು ತೆಗೆದಿಟ್ಟ ಹಣ ಉಳಿದರೆ ನನ್ನ ಮತ ಕಾಲರಿಗೆ ಸಿಕ್ಕಿಸುವ ಒಂದು ಮೈಕಿಗೆ. ಹಿಂದಿನ ಬೆಂಚಿನ ಫೋನಿಗೆ ಫ್ಯಾನಿನ ಸದ್ದು ಮೊದಲು ಕೇಳುತ್ತದೆ, ಶಿಕ್ಷಕರ ಪ್ರಶ್ನೆ ಆಮೇಲೆ. ಸರಿಯಾಗಿ ಕೇಳದ ಪಾಠವನ್ನು ಎಷ್ಟು ವೇಗವಾಗಿ ಎಡಿಟ್ ಮಾಡಿ ಏನು ಮಾಡುವುದು?

ಅಂಗಡಿಗೆ ಹೋಗುವ ಮೊದಲು

ಒಂದು ಚೀಟಿಯಲ್ಲಿ ಪ್ರೊಸೆಸರಿನ ಪೂರ್ತಿ ಸಂಖ್ಯೆ, ಬೋರ್ಡಿನ ಮಾದರಿ, ರ‍್ಯಾಮಿನ ಬಗೆ ಮತ್ತು ಖಾಲಿ ಕಂಡಿಗಳು, ವಿಂಡೋಸ್ 32 ಅಥವಾ 64 ಎಂಬುದನ್ನು ಬರೆದುಕೊಳ್ಳಬೇಕು. ಟಾಸ್ಕ್ ಮ್ಯಾನೇಜರಿನ ಫೋಟೊ ಕೂಡ ಇರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಒಂದೇ ಅಂಗಡಿಯಾಗಲಿ, ಈ ಚೀಟಿ ಕೈಯಲ್ಲಿದ್ದರೆ ಮಾತು ಬೇರೆ ದಾರಿ ಹಿಡಿಯುವುದಿಲ್ಲ. ರ‍್ಯಾಮ್, ಎಸ್‌ಎಸ್‌ಡಿ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಹಳೆಯ ಕೊಟೇಶನ್ ನಂಬಿ ಬಜೆಟ್ ಹಾಕಬಾರದು. ಲ್ಯಾಬಿನ ಎಲ್ಲ ಯಂತ್ರಗಳಿಗೂ ಒಂದೊಂದು ತುಂಡು ಹಂಚುವುದಕ್ಕಿಂತ ಎರಡು ಯಂತ್ರಗಳನ್ನು ಎಡಿಟಿಂಗಿಗೇ ಮೀಸಲಿಟ್ಟು ಅವಕ್ಕೆ ಪೂರ್ತಿ ಹಾಕುವುದು ಒಳ್ಳೆಯದು. ಮೊದಲು ಒಂದಕ್ಕೆ ಮಾತ್ರ ಹಾಕಿ, ಅದೇ ಪಾಠದ ಅದೇ ಫೈಲಿನ ಮೇಲೆ ಮತ್ತೆ ಗಡಿಯಾರ ಹಿಡಿದು ನೋಡಿ, ಆಮೇಲೆ ಎರಡನೆಯದಕ್ಕೆ ಕೈಹಾಕಬಹುದು.

ಹಾರ್ಡ್ ಡಿಸ್ಕ್ ತೆಗೆದಾಗ ಅಂಗಡಿಯವರು ಹಳೆಯದನ್ನು ಬದಲಿಗೆ ತೆಗೆದುಕೊಂಡು ಸ್ವಲ್ಪ ಬೆಲೆ ಕಡಿಮೆ ಮಾಡುತ್ತೇವೆ ಎನ್ನುವುದುಂಟು. ಕೊಡಬಾರದು. ಅದರಲ್ಲಿ ಅಭ್ಯಾಸ ಶಾಲೆಯ ಮಕ್ಕಳ ಮುಖಗಳಿವೆ, ಹೆಸರು ಹಿಡಿದು ಕರೆದ ಧ್ವನಿಗಳಿವೆ. ಮುಖ್ಯೋಪಾಧ್ಯಾಯರಿಂದ, ಪೋಷಕರಿಂದ ನಾವು ಅನುಮತಿ ಪಡೆದದ್ದು ತರಬೇತಿಯ ಬಳಕೆಗೆ ಮಾತ್ರ. ಡಿಲೀಟ್ ಒತ್ತಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ವಿಡಿಯೊ ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಅಲ್ಲೇ ಇರುತ್ತದೆ. ಅದೇ ಪೆಟ್ಟಿಗೆಯಲ್ಲಿ ಎರಡನೇ ಡಿಸ್ಕಾಗಿ ಉಳಿಸಿಕೊಂಡು, ದಾಸ್ತಾನು ಪುಸ್ತಕದಲ್ಲಿ ಎರಡನ್ನೂ ಬರೆದಿಡಬೇಕು.